ಎಣಿಕೆಯ ಒಂದು, ಇಚ್ಛೆಯ ಒಂದು

ಪರಿಗ್ರಹ ಪರಿಮಾಣ ವ್ರತವನ್ನು ಕೈಕೊಂಡ ಗೃಹಸ್ಥನು ತನ್ನ ಹೊಲ, ಮನೆ, ಚಿನ್ನ, ವಾಹನ ಮೊದಲಾದವುಗಳಿಗೆ ಒಂದು ಮಿತಿಯನ್ನು ಗೊತ್ತುಮಾಡಿಕೊಳ್ಳುತ್ತಾನೆ. 'ಒಂದು ವಾಹನ ಸಾಕು' ಎಂದು ನಿಯಮ ಮಾಡಿಕೊಂಡವನ ಮನೆಯಲ್ಲಿ ಒಂದೇ ವಾಹನವಿದ್ದರೆ, ವ್ರತವು ನಿರತಿಚಾರವಾಗಿ ನಡೆಯಿತೆಂದು ಲೋಕವು ಭಾವಿಸುತ್ತದೆ. ಆದರೆ ಆ ಒಂದು, ಜಗತ್ತಿನಲ್ಲಿ ಮತ್ತೊಬ್ಬರ ಬಳಿ ಇರಲೇಬಾರದೆಂದು ಬಯಸಿ ಪಡೆದ ಒಂದಾಗಿದ್ದರೆ? ಆಗಲೂ ಇಚ್ಛೆಗೆ ಮಿತಿಯಿದೆ ಎನ್ನಬಹುದೆ? ಈ ಪ್ರಶ್ನೆಯನ್ನು ವಿಚಾರಮಾಡಲು ದೂರದೇಶದ ಒಂದು ನಿದರ್ಶನವು ಉಪಯುಕ್ತವಾಗಿದೆ.

ಅಮೆರಿಕದ ಜೇಮ್ಸ್ ಗ್ಲಿಕನ್‌ಹೌಸ್ ಎಂಬವರು ಹಿಂದೆ ಚಲನಚಿತ್ರ ನಿರ್ದೇಶಕರಾಗಿದ್ದವರು. ಹಳೆಯ ಪಂದ್ಯದ ಕಾರುಗಳ ಸಂಗ್ರಾಹಕರೆಂದು ಹೆಸರಾದವರು. ಇಟಲಿಯ ಫೆರಾರಿ ಸಂಸ್ಥೆಯು 1960ರ ದಶಕದಲ್ಲಿ ನಿರ್ಮಿಸಿದ ಪಂದ್ಯದ ಕಾರುಗಳ ಆಕಾರವು ಅವರ ಮನಸ್ಸನ್ನು ಸೆರೆಹಿಡಿದಿತ್ತು. ಅದೇ ಸಂಸ್ಥೆಯ ಎನ್ಜೊ ಎಂಬ ಕಾರು ಒಟ್ಟು ಸುಮಾರು 400 ಮಾತ್ರ ತಯಾರಾದುದು, ಲಕ್ಷಾಧಿಪತಿಗಳಿಗೂ ದುರ್ಲಭವಾದುದು. ಅಂಥದೊಂದು ಹೊಸ ಎನ್ಜೊವನ್ನು ಕೊಂಡು, ಅವರು ಟುರಿನ್ ನಗರದ ಪಿನಿನ್‌ಫರೀನಾ ಎಂಬ ಪ್ರಸಿದ್ಧ ವಿನ್ಯಾಸ ಸಂಸ್ಥೆಗೆ ಒಪ್ಪಿಸಿದರು. ಅದರ ಹೊರಮೈಯನ್ನು ಕಳಚಿ, ಇಂಗಾಲದ ನಾರಿನಿಂದ ಹೊಸ ಮೈಯನ್ನು ರಚಿಸಲಾಯಿತು, ಗಾಳಿಸುರಂಗದಲ್ಲಿ ಪರೀಕ್ಷಿಸಲಾಯಿತು, ಇದೊಂದಕ್ಕೆಂದೇ 200ಕ್ಕೂ ಹೆಚ್ಚು ಬಿಡಿಭಾಗಗಳನ್ನು ತಯಾರಿಸಲಾಯಿತು. 2006ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯದ ಪೆಬಲ್ ಬೀಚಿನಲ್ಲಿ ಅದು 'ಪಿ 4/5' ಎಂಬ ಹೆಸರಿನಿಂದ ಪ್ರದರ್ಶಿತವಾಯಿತು. ವೆಚ್ಚವು ಸುಮಾರು 40 ಲಕ್ಷ ಡಾಲರೆಂದು ಪತ್ರಿಕೆಗಳು ವರದಿಮಾಡಿದವು.

ಅವರು ವ್ರತ ತೊಟ್ಟವರಲ್ಲ. ಅವರನ್ನು ದೂಷಿಸುವುದು ಯುಕ್ತವೂ ಅಲ್ಲ. ತಮ್ಮ ಹಣವನ್ನು ತಾವು ವ್ಯಯಮಾಡಿದರು. ನುರಿತ ಕುಶಲಿಗಳಿಗೆ ಕೆಲಸ ದೊರೆಯಿತು. ಕಾರನ್ನು ಬೀಗದ ಕೋಣೆಯಲ್ಲಿ ಅಡಗಿಸದೆ ರಸ್ತೆಯಲ್ಲಿ ಓಡಿಸಿದರು. ಇವೆಲ್ಲವೂ ಸತ್ಯ. ಆದರೂ ಮುಂದೆ ನಡೆದುದನ್ನು ಗಮನಿಸಬೇಕು. 2008ರಲ್ಲಿ ಫೆರಾರಿ ಸಂಸ್ಥೆಯೇ ಜಪಾನಿನ ಸಂಗ್ರಾಹಕರೊಬ್ಬರಿಗಾಗಿ 'ಎಸ್‌ಪಿ 1' ಎಂಬ ಮತ್ತೊಂದು ಏಕೈಕ ಕಾರನ್ನು ಮಾಡಿಕೊಟ್ಟಿತು. ಅನಂತರ ಅಂಥ ಏಕೈಕಗಳ ಸಾಲೇ ಬೆಳೆಯಿತು. ಗ್ಲಿಕನ್‌ಹೌಸರೂ ಒಂದಕ್ಕೆ ನಿಲ್ಲಲಿಲ್ಲ. ಅದೇ ಆಕಾರದ ಪಂದ್ಯದ ಕಾರನ್ನು ಮಾಡಿಸಿ, 2011ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ 24 ತಾಸುಗಳ ಸ್ಪರ್ಧೆಗೆ ಇಳಿಸಿದರು. 400ರಲ್ಲಿ ಒಂದು ಸಾಲದೆಂದು ಹೊರಟ ಬಯಕೆಗೆ, ಒಂದರಲ್ಲಿ ಒಂದೂ ಕೊನೆಯ ನಿಲ್ದಾಣವಾಗಲಿಲ್ಲ.

ಉಮಾಸ್ವಾಮಿಗಳು ಮೂರ್ಛೆಯನ್ನೇ ಪರಿಗ್ರಹವೆಂದು ಕರೆದರು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಪರಿಗ್ರಹ ಪರಿಮಾಣಕ್ಕೆ 'ಇಚ್ಛಾ ಪರಿಮಾಣ' ಎಂಬ ಇನ್ನೊಂದು ಹೆಸರನ್ನೂ ಹೇಳಿದ್ದಾರೆ. ಆ ಹೆಸರಿನಲ್ಲಿಯೇ ಉತ್ತರವಿದೆ. ಅಳೆಯಬೇಕಾದುದು ಮೊದಲು ಇಚ್ಛೆ. ವಸ್ತುವಿನ ಎಣಿಕೆಯು ಆ ಅಳತೆಗೆ ಹಿಡಿದ ಕೋಲು ಮಾತ್ರ. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ತನ್ನಲ್ಲಿರುವಂಥದೇ ವಸ್ತು ನಾಳೆ ನೆರೆಯವನಿಗೂ ದೊರೆತರೆ ತನ್ನ ಸಂತೋಷವು ಕುಂದುವುದೆ? ಕುಂದುವುದಾದರೆ, ಕುಂದಿದಷ್ಟು ಸಂತೋಷವು ಆ ವಸ್ತುವಿನಿಂದ ಬಂದುದಲ್ಲ. ಪರರಲ್ಲಿ ಅದು ಇಲ್ಲವೆಂಬುದರಿಂದ ಬಂದುದು. ಅದೇ ಋದ್ಧಿಮದ. ಅದನ್ನು ಯಾವ ಎಣಿಕೆಯೂ ಹಿಡಿಯಲಾರದು.

ಇಲ್ಲಿ ಶ್ರಾವಕರು ಒಂದು ಆಕ್ಷೇಪವನ್ನು ಎತ್ತಬಹುದು. ಚಾವುಂಡರಾಯನೂ ಸುಮಾರು 981ರಲ್ಲಿ ವಿಂಧ್ಯಗಿರಿಯ ಮೇಲೆ 58 ಅಡಿಯ ಗೊಮ್ಮಟಮೂರ್ತಿಯನ್ನು ಮಾಡಿಸಿದನಷ್ಟೆ, ಅದೂ ಅಸದೃಶವಾದುದಲ್ಲವೆ? ನಿಜ. ಆದರೆ ಮೇಲಿನ ಪರೀಕ್ಷೆಯನ್ನೇ ಅಲ್ಲಿಯೂ ಹಚ್ಚಿ ನೋಡಬೇಕು. 1432ರಲ್ಲಿ ಕಾರ್ಕಳದಲ್ಲಿಯೂ 1604ರಲ್ಲಿ ವೇಣೂರಿನಲ್ಲಿಯೂ ಬಾಹುಬಲಿಮೂರ್ತಿಗಳು ನಿಂತಾಗ ಬೆಳಗೊಳದ ಮಹಿಮೆ ಕುಂದಲಿಲ್ಲ. ವಂದಿಸುವವರ ಹರ್ಷವು ಹೆಚ್ಚಿತು. ಇನ್ನು ಮಾಡಿಸಿದವನ ಮನಸ್ಸಿನಲ್ಲಿ ಮದವು ಸುಳಿದಾಗ ಏನಾಯಿತೆಂಬುದನ್ನು ಗುಳ್ಳಕಾಯಜ್ಜಿಯ ಕಥೆಯು ಮನೆಮನೆಗೂ ತಿಳಿಸಿದೆ. ರಾಯನ ಕೊಡಗಳ ಹಾಲು ಮೂರ್ತಿಯ ಪಾದವನ್ನು ಮುಟ್ಟಲಿಲ್ಲ. ಮುದುಕಿಯ ಗುಳ್ಳಕಾಯಿಯ ಹಾಲು ಮುಟ್ಟಿತು. ಅಂದರೆ ಮದದ ಶಂಕೆಯು ಧರ್ಮಕಾರ್ಯಕ್ಕೂ ತಪ್ಪಿದ್ದಲ್ಲ.

ಆದುದರಿಂದ ಈ ವಿಚಾರವನ್ನು ಸಿರಿವಂತರ ವಾಹನಗಳಿಗೆ ಬಿಟ್ಟು ಸುಮ್ಮನಾಗುವಂತಿಲ್ಲ. ನೋಂಪಿಯ ಉದ್ಯಾಪನೆಯಲ್ಲಿ, ಊರಿನಲ್ಲಿ ಯಾರೂ ಮಾಡಿಸದಂಥ ಬೆಳ್ಳಿಯ ಉಪಕರಣವನ್ನೇ ಬಸದಿಗೆ ಕೊಡಬೇಕೆಂದು ಹಟತೊಟ್ಟ ಮನೆಯವರುಂಟು. ಯಾರೂ ಮಾಡದಷ್ಟು ಉಪವಾಸಗಳನ್ನು ತಾನೊಬ್ಬನೇ ಮಾಡಿದೆನೆಂದು ಲೆಕ್ಕವಿಡುವವರೂ ಉಂಟು. ಎಂಟು ಮದಗಳಲ್ಲಿ ತಪಸ್ಸಿನ ಮದವೂ ಒಂದೆಂಬುದನ್ನು ಅವರು ಮರೆಯುತ್ತಾರೆ. ಬಂಗಾರವನ್ನು ಬಿಟ್ಟವನು ಬಿಟ್ಟೆನೆಂಬ ಹೆಮ್ಮೆಯನ್ನು ಕೂಡಿಟ್ಟರೆ, ಬಾಹ್ಯ ಪರಿಗ್ರಹ ತಗ್ಗಿ ಅಂತರಂಗ ಪರಿಗ್ರಹ ಬೆಳೆದಂತಾಯಿತು.

ಪರಿಮಾಣವನ್ನು ಗೊತ್ತುಮಾಡುವ ದಿನ, 'ಎಷ್ಟು?' ಎಂದು ಕೇಳಿಕೊಂಡ ಬಳಿಕ 'ಏತಕ್ಕೆ?' ಎಂದೂ ಕೇಳಿಕೊಳ್ಳುವುದು ಶ್ರಾವಕನಿಗೆ ಶ್ರೇಯಸ್ಕರ. ನೆರೆಯವನಿಗೂ ಅಂಥದೇ ದೊರೆಯಲೆಂದು ಯಾವ ವಸ್ತುವಿನ ವಿಷಯದಲ್ಲಿ ಮನಸ್ಸು ಪ್ರಾಂಜಲವಾಗಿ ಹಾರೈಸಬಲ್ಲುದೋ, ಆ ವಸ್ತುವು ಮನೆಯಲ್ಲಿದ್ದರೂ ಹಗುರ. ಹಾಗೆ ಹಾರೈಸಲಾಗದ ವಸ್ತುವು ಒಂದೇ ಆಗಿದ್ದರೂ ಭಾರ.