ಮುಸಲ್ಮಾನ ಮಕ್ಕಳಿಗೆ ಇತಿಹಾಸಬೋಧೆ

ಇತಿಹಾಸವೆಂಬ ಪದವನ್ನು ಬಿಡಿಸಿದರೆ ‘ಇತಿ ಹ ಆಸ’ ಎಂದಾಗುತ್ತದೆ. ‘ಹೀಗೆ ಇದ್ದಿತಷ್ಟೆ’ ಎಂದು ಅದರ ಅರ್ಥ. ಹೀಗಿರಬೇಕಾಗಿತ್ತೆಂಬ ಆಸೆಗಾಗಲಿ, ಹೀಗಿರಬಾರದಾಗಿತ್ತೆಂಬ ಅಳಲಿಗಾಗಲಿ ಆ ಪದದಲ್ಲಿ ಎಡೆಯಿಲ್ಲ. ಆದರೆ ಇತಿಹಾಸವನ್ನು ಮಕ್ಕಳಿಗೆ ಕಲಿಸುವಾಗ ಈ ಎರಡೂ ಬಂದು ನಡುವೆ ಕುಳಿತುಕೊಳ್ಳುವುದುಂಟು. ಅದರಲ್ಲಿಯೂ ಒಂದು ಜನಾಂಗದ ಮಕ್ಕಳಿಗೆ ಅವರ ಪೂರ್ವಿಕರದೆಂದು ಎಣಿಸಲ್ಪಟ್ಟ ಇತಿಹಾಸವನ್ನು ಹೇಗೆ ಬೋಧಿಸಬೇಕೆಂಬುದು ಕೇವಲ ಪಾಠಕ್ರಮದ ಪ್ರಶ್ನೆಯಲ್ಲ. ಅದು ಧರ್ಮದ ಪ್ರಶ್ನೆ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಮುಸಲ್ಮಾನ ಮಕ್ಕಳಿಗೆ ಇತಿಹಾಸವು ಮೂರು ಬಾಗಿಲುಗಳಿಂದ ಬರುತ್ತದೆ. ಮದ್ರಸದಲ್ಲಿ ಪೈಗಂಬರರ ಚರಿತ್ರೆಯನ್ನೂ ಮೊದಲ ನಾಲ್ವರು ಖಲೀಫರ ಕಥೆಯನ್ನೂ ಕೇಳುತ್ತಾರೆ. ಶಾಲೆಯಲ್ಲಿ ಟಿಪ್ಪು ಸುಲ್ತಾನನ ಪಾಠವನ್ನು ಓದುತ್ತಾರೆ. ಮೂರನೆಯ ಬಾಗಿಲು ಬೀದಿ. 2015ರಲ್ಲಿ ಸರ್ಕಾರವು ಟಿಪ್ಪುವಿನ ಜಯಂತಿಯನ್ನು ಆಚರಿಸತೊಡಗಿತು. 2019ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು. ಸತ್ತು ಇನ್ನೂರು ವರ್ಷಗಳು ಮೀರಿದ ಅರಸನೊಬ್ಬನು ಒಂದು ವರ್ಷ ಪೂಜ್ಯನಾಗಿ ಮತ್ತೊಂದು ವರ್ಷ ತ್ಯಾಜ್ಯನಾದುದನ್ನು ಮಕ್ಕಳು ನೋಡಿದರು. 2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲಿಯೂ 2025ರ ಸೆಪ್ಟೆಂಬರಿನಲ್ಲಿ ಮದ್ದೂರಿನಲ್ಲಿಯೂ ಗಣಪತಿಯ ಮೆರವಣಿಗೆಯ ಕಾಲದಲ್ಲಿ ಕಲಹವಾಯಿತು. ಇಂತಹ ದಿನಗಳ ಮರುವಾರ ತರಗತಿಯಲ್ಲಿ ಟಿಪ್ಪುವಿನ ಹೆಸರು ಬಂದರೆ, ಸಹಪಾಠಿಗಳ ಕಣ್ಣುಗಳು ಪುಸ್ತಕವನ್ನು ಬಿಟ್ಟು ಒಂದು ಮಗುವಿನ ಕಡೆಗೆ ತಿರುಗುವುವು. ಆ ಮಗು ಆಗ ವಿದ್ಯಾರ್ಥಿಯಾಗಿರುವುದಿಲ್ಲ. ಆಪಾದಿತನಾಗಿರುತ್ತದೆ, ಇಲ್ಲವೆ ವಕೀಲನಾಗಿರುತ್ತದೆ. ಎರಡು ಸ್ಥಿತಿಗಳಲ್ಲಿಯೂ ವಿದ್ಯೆಯು ನಿಂತುಹೋಗುತ್ತದೆ.

ಇಲ್ಲಿ ಎರಡು ಪೂರ್ವಪಕ್ಷಗಳುಂಟು. ಮೊದಲನೆಯದು ಆ ಜನಾಂಗದ ಹಿತೈಷಿಗಳದು: ‘ಈ ಮಕ್ಕಳು ಹೊರಗೆ ಬೇಕಾದಷ್ಟು ನಿಂದೆಯನ್ನು ಕೇಳುತ್ತಿದ್ದಾರೆ, ಒಳಗಾದರೂ ಕೀರ್ತಿಯನ್ನು ಮಾತ್ರ ಹೇಳೋಣ.’ ಎರಡನೆಯದು ಪ್ರತಿಪಕ್ಷದವರದು: ‘ಸುಲ್ತಾನರು ಮಾಡಿದ ಕೇಡನ್ನು ಇವರು ಒಪ್ಪಿ ತಲೆತಗ್ಗಿಸುವಂತೆ ಕಲಿಸಬೇಕು.’ ಇವು ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಎರಡರ ಬೇರೂ ಒಂದೇ. ಹಿಂದಿನವರು ಮಾಡಿದುದು ಇಂದಿನವರಿಗೆ ಆಸ್ತಿಯಂತೆ ಇಳಿದುಬರುತ್ತದೆಂಬ ಭಾವನೆಯೇ ಆ ಬೇರು. ಒಬ್ಬರು ಆಸ್ತಿಯ ಲಾಭವನ್ನು ಮಾತ್ರ ಹಂಚುತ್ತಾರೆ. ಮತ್ತೊಬ್ಬರು ಸಾಲವನ್ನು ಮಾತ್ರ ವಸೂಲುಮಾಡುತ್ತಾರೆ.

ಈ ಭಾವನೆಯು ಶಾಸ್ತ್ರಸಮ್ಮತವಲ್ಲ. ತಂದೆಯ ಹಣದ ಸಾಲವನ್ನು ಮಗನು ತೀರಿಸಬೇಕೆಂದು ನಮ್ಮ ಧರ್ಮಶಾಸ್ತ್ರಕಾರರು ವಿಧಿಸಿದರು. ಆದರೆ ಕರ್ಮದ ಫಲವನ್ನು ಕರ್ತೃವೇ ಉಣ್ಣಬೇಕೆಂದರು. ಒಬ್ಬನ ಹೊರೆಯನ್ನು ಮತ್ತೊಬ್ಬನು ಹೊರುವುದಿಲ್ಲವೆಂದು ಖುರಾನೂ ಹೇಳುತ್ತದೆ. ಮಳವಳ್ಳಿಯ ಶಾಲೆಯಲ್ಲಿ ಕುಳಿತಿರುವ ಮಗುವು ಯಾವ ಸುಲ್ತಾನನ ಪಾಪಕ್ಕೂ ಹೊಣೆಯಲ್ಲ. ಆದರೆ ಈ ನ್ಯಾಯಕ್ಕೆ ಇನ್ನೊಂದು ಮುಖವೂ ಇದೆ. ಹೇಳುವುದಕ್ಕೆ ಅದು ಸ್ವಲ್ಪ ಕಹಿ. ಪಾಪವು ಇಳಿದುಬರುವುದಿಲ್ಲವಾದರೆ ಪುಣ್ಯವೂ ಇಳಿದುಬರುವುದಿಲ್ಲ. ಅಜ್ಜನ ಶೌರ್ಯದಿಂದ ಮೀಸೆ ತಿರುವಿದವನು ಅಜ್ಜನ ಕ್ರೌರ್ಯ ಬಂದಾಗ ‘ಅದು ನನಗೆ ಸೇರಿದುದಲ್ಲ’ ಎನ್ನಲಾರನು. ಆದುದರಿಂದ ಮಗುವಿಗೆ ಹಿಂದಿನವರಿಂದ ನಿಜವಾಗಿ ಬರತಕ್ಕದ್ದು ಕೀರ್ತಿಯೂ ಅಲ್ಲ, ಅಪಕೀರ್ತಿಯೂ ಅಲ್ಲ, ವಿವೇಕವೊಂದೇ.

ಈ ವಿವೇಕವನ್ನು ಕಲಿಸುವುದಕ್ಕೆ ಮುಸಲ್ಮಾನರ ವಿದ್ಯಾಸಂಪ್ರದಾಯದಲ್ಲಿಯೇ ಬೇಕಾದ ಸಾಧನಗಳಿವೆ. ಪೈಗಂಬರರ ಮಾತೊಂದನ್ನು ಅಂಗೀಕರಿಸುವುದಕ್ಕೆ ಮುಂಚೆ, ಅದನ್ನು ಯಾರಿಂದ ಯಾರು ಕೇಳಿದರು, ಅವರ ನಡತೆ ಎಂತಹುದು, ಜ್ಞಾಪಕಶಕ್ತಿ ಎಷ್ಟು, ಅವರಿಬ್ಬರೂ ಭೇಟಿಯಾಗಿರುವುದು ಸಾಧ್ಯವೇ ಎಂದು ಹದೀಸ್‌ಪಂಡಿತರು ಸರಪಣಿಯ ಕೊಂಡಿಕೊಂಡಿಯನ್ನೂ ತಟ್ಟಿ ನೋಡಿದರು. ನಮ್ಮ ತಾರ್ಕಿಕರು ಆಪ್ತವಾಕ್ಯದ ವಿಷಯದಲ್ಲಿ ಮಾಡಿದ ಪರೀಕ್ಷೆಗೆ ಇದು ಸೋದರವಾದುದು. ತಬರಿಯು ಒಂದೇ ಸಂಗತಿಗೆ ಪರಸ್ಪರ ಒಪ್ಪದ ಹೇಳಿಕೆಗಳಿದ್ದಾಗ ಅವನ್ನು ಹೇಳಿದವರ ಹೆಸರಿನೊಡನೆ ಪಕ್ಕಪಕ್ಕದಲ್ಲಿ ಬರೆದಿಟ್ಟನು. ಅಲ್‌ಬಿರೂನಿಯು ಸಂಸ್ಕೃತವನ್ನು ಕಲಿತು ಸುಮಾರು 1030ರಲ್ಲಿ ಭಾರತವನ್ನು ಕುರಿತು ಗ್ರಂಥ ಬರೆದನು. ಮಹಮೂದನ ದಾಳಿಗಳು ಈ ದೇಶದ ಸಂಪತ್ತನ್ನು ಹಾಳುಮಾಡಿದುವೆಂದು, ಆ ಮಹಮೂದನ ಆಸ್ಥಾನದೊಡನೆ ಸಂಬಂಧವಿದ್ದವನೇ ಮುಚ್ಚುಮರೆಯಿಲ್ಲದೆ ಹೇಳಿದನು. ಇತಿಹಾಸದಲ್ಲಿ ಸುಳ್ಳು ಸೇರುವುದಕ್ಕೆ ಪಕ್ಷಪಾತವು ಒಂದು ಮುಖ್ಯ ಕಾರಣವೆಂದು ಇಬ್ನ್ ಖಲ್ದೂನನು 1377ರಲ್ಲಿ ತನ್ನ ಪೀಠಿಕಾಗ್ರಂಥದಲ್ಲಿ ವಿವೇಚಿಸಿದನು. ಅವನಿಗಿಂತ ಎರಡು ಶತಮಾನಗಳ ಹಿಂದೆ ಕಾಶ್ಮೀರದ ಕಲ್ಹಣನು ರಾಜತರಂಗಿಣಿಯ ಆದಿಯಲ್ಲಿ, ರಾಗದ್ವೇಷಗಳನ್ನು ತೊರೆದು ನಡೆದುದನ್ನು ಹೇಳುವವನೇ ಶ್ಲಾಘ್ಯನೆಂದಿದ್ದನು. ಕಾಶ್ಮೀರದವನೂ ಟ್ಯೂನಿಸ್ಸಿನವನೂ ಒಬ್ಬರನ್ನೊಬ್ಬರು ಅರಿಯದೆಯೇ ಒಂದೇ ಮಾತನ್ನಾಡಿದರು. ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲುವಾಗ, ಅದು ತನಗೆ, ತಾಯಿತಂದೆಗಳಿಗೆ, ಬಂಧುಗಳಿಗೆ ವಿರುದ್ಧವಾದರೂ ಹಿಂಜರಿಯಬಾರದೆಂದು ಖುರಾನಿನ ನಾಲ್ಕನೆಯ ಅಧ್ಯಾಯವು ವಿಧಿಸಿದೆ. ಇತಿಹಾಸದ ಅಧ್ಯಾಪಕನಿಗೆ ಇದಕ್ಕಿಂತ ಬೇರೆ ವ್ರತವು ಬೇಡ.

ಮೊದಲ ಖಲೀಫರ ಕಥೆಯನ್ನಾದರೂ ಹೀಗೆಯೇ ಹೇಳಬೇಕು. ನಾಲ್ವರಲ್ಲಿ ಮೂವರು ಕೊಲೆಗೀಡಾದರು. 680ರಲ್ಲಿ ಕರ್ಬಲಾದಲ್ಲಿ ಪೈಗಂಬರರ ಮೊಮ್ಮಗನಾದ ಹುಸೇನರನ್ನು ಕೊಂದ ಸೈನ್ಯವು ಮುಸಲ್ಮಾನ ದೊರೆಯದೇ. ನಮ್ಮ ನಾಡಿನ ಹಳ್ಳಿಗಳಲ್ಲಿ ಮೊಹರಂ ಬಂದಾಗ ಹಿಂದೂಗಳೂ ಕೂಡಿ ನೆನೆಯುವ ದುಃಖ ಅದು. ಸ್ವಮತದ ಸಿಂಹಾಸನವೂ ಅನ್ಯಾಯವನ್ನು ಮಾಡಬಲ್ಲುದೆಂಬ ಪಾಠವನ್ನು ಆ ಮಕ್ಕಳು ಹೊಸದಾಗಿ ಕಲಿಯಬೇಕಾಗಿಲ್ಲ. ಅವರ ಮೊಹರಮ್ಮಿನಲ್ಲಿಯೇ ಅದು ಅಡಗಿದೆ.

ಇನ್ನು ಟಿಪ್ಪುವಿನ ಮಾತು. ಈ ಜಿಲ್ಲೆಯ ಮಕ್ಕಳಿಗೆ ಅವನು ಪುಸ್ತಕದ ಅರಸನಲ್ಲ. 1799ರ ಮಾರ್ಚಿ 27ರಂದು ಅವನ ಸೈನ್ಯವು ಇಂಗ್ಲಿಷರನ್ನು ಎದುರಿಸಿ ಹಿಮ್ಮೆಟ್ಟಿದುದು ಮಳವಳ್ಳಿಯ ಬಳಿಯಲ್ಲಿ. ಮೇ 4ರಂದು ಅವನು ಕೈಯಲ್ಲಿ ಕತ್ತಿಯೊಡನೆ ಮಡಿದುದು ಶ್ರೀರಂಗಪಟ್ಟಣದಲ್ಲಿ. 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಸೂರೆಮಾಡಿದಾಗ ಅವನು ಜಗದ್ಗುರುಗಳಿಗೆ ಕನ್ನಡದಲ್ಲಿ ಪತ್ರಗಳನ್ನು ಬರೆಯಿಸಿ ನೆರವಿತ್ತನು. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು. ಇದು ಸತ್ಯ. ಅದೇ ಅರಸನು ಕೊಡಗಿನವರನ್ನೂ, 1784ರಲ್ಲಿ ಕೆನರಾದ ಕ್ರೈಸ್ತರನ್ನೂ ಸೆರೆಹಿಡಿದು ಅದೇ ಪಟ್ಟಣಕ್ಕೆ ಅಟ್ಟಿಸಿಕೊಂಡು ಬಂದನು. ಅವರಲ್ಲಿ ಅನೇಕರಿಗೆ ಬಲಾತ್ಕಾರದಿಂದ ಮತಾಂತರವಾಯಿತು. ಇದೂ ಸತ್ಯ. ಮೇಲುಕೋಟೆಯ ಮಂಡಯಂ ಅಯ್ಯಂಗಾರ್ಯರ ಮನೆಗಳಲ್ಲಿ ನರಕಚತುರ್ದಶಿಯಂದು ದೀಪವನ್ನು ಹಚ್ಚುವುದಿಲ್ಲ. ಆ ದಿನ ತಮ್ಮವರ ಕೊಲೆಯಾಯಿತೆಂಬ ನೆನಪು ತಲೆಮಾರುಗಳಿಂದ ಬಂದಿದೆ. ಶೃಂಗೇರಿಯ ಪತ್ರವನ್ನು ಓದಿಸಿದ ಅಧ್ಯಾಪಕನು ಹಚ್ಚದ ಆ ದೀಪದ ವಿಷಯವನ್ನೂ ಹೇಳಬೇಕು. ಆ ದೀಪದ ವಿಷಯವನ್ನು ಹೇಳುವವನು ಪತ್ರವನ್ನೂ ಓದಿಸಬೇಕು. ಒಂದನ್ನು ತೂಕಕ್ಕೆ ಹಾಕಿ ಇನ್ನೊಂದನ್ನು ಇಲ್ಲವೆನಿಸಬಾರದು. ಒಬ್ಬನೇ ಮನುಷ್ಯನಲ್ಲಿ ಎರಡೂ ಹೇಗೆ ಇದ್ದುವೆಂದು ಮಕ್ಕಳು ಬೆರಗಾದರೆ, ಇತಿಹಾಸದ ಪಾಠವು ಅಲ್ಲಿಂದಲೇ ಮೊದಲಾಯಿತು.

ಸುಲ್ತಾನನೊಬ್ಬನಲ್ಲಿಯೇ ಪಾಠವನ್ನು ಮುಗಿಸುವುದೂ ಅನ್ಯಾಯ. ಬೀದರಿನಲ್ಲಿ 1472ರಲ್ಲಿ ಮದ್ರಸವನ್ನು ಕಟ್ಟಿಸಿದ ಮಹಮೂದ್ ಗವಾನನನ್ನು, ಕೃತ್ರಿಮವಾದ ಪತ್ರವೊಂದನ್ನು ನಂಬಿ ಅವನ ಸುಲ್ತಾನನೇ 1481ರಲ್ಲಿ ಕೊಲ್ಲಿಸಿದನು. ಪರೀಕ್ಷಿಸದ ಸಾಕ್ಷ್ಯವು ಏನು ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ? ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನು ತನ್ನ ಸಂಗೀತಗ್ರಂಥದಲ್ಲಿ ಸರಸ್ವತಿಯನ್ನು ಸ್ತುತಿಸಿದನು. ಮೈಸೂರಿನ ದಿವಾನರಾಗಿ ಸರ್ ಮಿರ್ಜಾ ಇಸ್ಮಾಯಿಲರು 1926ರಿಂದ 1941ರವರೆಗೆ ಇದ್ದರು. ಮಂಡ್ಯದ ಸಕ್ಕರೆ ಕಾರ್ಖಾನೆ 1933ರಲ್ಲಿ ಮೊದಲಾದುದೂ, ಮಂಡ್ಯವು 1939ರಲ್ಲಿ ಪ್ರತ್ಯೇಕ ಜಿಲ್ಲೆಯಾದುದೂ ಅವರ ಕಾಲದಲ್ಲಿಯೇ. ಕಬ್ಬಿನ ಗದ್ದೆಗಳ ನಡುವೆ ಬೆಳೆಯುವ ಮುಸಲ್ಮಾನ ಮಗುವಿಗೆ ಕಾರ್ಡೋವದ ಅರಮನೆಗಳಷ್ಟೇ ಈ ಸಂಗತಿಯೂ ತಿಳಿದಿರಬೇಕು.

‘ಈ ನಿಷ್ಠುರವು ಮುಸಲ್ಮಾನ ಮಕ್ಕಳಿಗೆ ಮಾತ್ರವೇ?’ ಎಂದು ಕೇಳುವವರುಂಟು. ಸರ್ವಥಾ ಅಲ್ಲ. 2023ರಲ್ಲಿ, ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡರೆಂಬ ಇಬ್ಬರು ಒಕ್ಕಲಿಗ ವೀರರೆಂಬ ಮಾತು ಈ ಜಿಲ್ಲೆಯಲ್ಲೆಲ್ಲ ಹಬ್ಬಿತು. ಆ ಹೆಸರಿನ ಕಮಾನು ಮಂಡ್ಯದಲ್ಲಿ ಎದ್ದಿತು. ಚಲನಚಿತ್ರವನ್ನು ತೆಗೆಯುವ ಸನ್ನಾಹವೂ ನಡೆಯಿತು. ಆಗ ಆದಿಚುಂಚನಗಿರಿಯ ಶ್ರೀ ನಿರ್ಮಲಾನಂದನಾಥ ಸ್ವಾಮಿಗಳು ಪ್ರಮಾಣವಿಲ್ಲದ ಮಾತನ್ನು ಬೆಳಸಬಾರದೆಂದು ಹೇಳಿದರು, ಚಿತ್ರವು ನಿಂತಿತು. ತಮ್ಮ ಜನಾಂಗಕ್ಕೆ ಕೀರ್ತಿ ತರುವ ಕಥೆಯಾದರೂ ಪ್ರಮಾಣವನ್ನು ಕೇಳಿದ ಆ ನಡತೆಯೇ ಇಲ್ಲಿ ಮಾದರಿ. ಒಕ್ಕಲಿಗರ ಮಗುವಿಗೂ ಬ್ರಾಹ್ಮಣರ ಮಗುವಿಗೂ ಮುಸಲ್ಮಾನರ ಮಗುವಿಗೂ ತಕ್ಕಡಿ ಒಂದೇ ಆಗಿರಬೇಕು. ನೆರೆಯವನ ತಕ್ಕಡಿ ಸುಳ್ಳೆಂದು ತಿಳಿದ ಮಗುವು ತನ್ನದನ್ನು ಸರಿಯಾಗಿ ಹಿಡಿಯುವುದಿಲ್ಲ.

ಆದುದರಿಂದ ಅಧ್ಯಾಪಕನ ಕರ್ತವ್ಯವು ಸ್ಪಷ್ಟವಾಗಿದೆ. ಟಿಪ್ಪುವಿನ ಪಾಠ ಬಂದ ದಿನ ಅವನು ಮುಸಲ್ಮಾನ ಮಗುವಿನ ಮುಖವನ್ನು ವಿಶೇಷವಾಗಿ ನೋಡಕೂಡದು; ತರಗತಿಯೂ ನೋಡದಂತೆ ನಡೆಸಬೇಕು. ಮಕ್ಕಳೆಲ್ಲರನ್ನೂ ಒಟ್ಟಿಗೆ ಶ್ರೀರಂಗಪಟ್ಟಣಕ್ಕೆ ಕರೆದೊಯ್ಯಬೇಕು. ದರಿಯಾದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ‘ಇದನ್ನು ಬರೆಯಿಸಿದವರು ಯಾರು? ಸೋತವರು ಬರೆಯಿಸಿದ್ದರೆ ಹೇಗಿರುತ್ತಿತ್ತು?’ ಎಂದು ಕೇಳಬೇಕು. ಅನಂತರ ರಂಗನಾಥಸ್ವಾಮಿಯ ಗುಡಿಯನ್ನೂ, ಅದರಿಂದ ದೂರವಿಲ್ಲದ ಜುಮ್ಮಾ ಮಸೀದಿಯನ್ನೂ, ಸೆರೆಮನೆಯನ್ನೂ, ಗುಂಬಜನ್ನೂ ಒಂದೇ ದಿನ ತೋರಿಸಬೇಕು. ಒಂದು ದ್ವೀಪದೊಳಗೆ ಇವೆಲ್ಲವೂ ಇದ್ದುವು, ಇವೆ. ಎಲ್ಲವನ್ನೂ ಕಂಡು ಹಿಂದಿರುಗಿದ ಮಗುವಿಗೆ ಯಾರ ಪರವಾಗಿಯೂ ವಾದಿಸಬೇಕಾದ ಅಗತ್ಯ ತೋರದಿದ್ದರೆ, ಆ ಅಧ್ಯಾಪಕನು ತನ್ನ ಋಣವನ್ನು ತೀರಿಸಿದಂತಾಯಿತು.