ಒಂದೇ ಸೂರು, ಎರಡು ಬಾಗಿಲು

ನಮ್ಮ ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಕುಳಿತವರನ್ನು ಯಾರೂ ವಿಂಗಡಿಸುವುದಿಲ್ಲ. ಹಡಗಲಿಗೆ ಹೊರಟವಳೂ ಬೆಂಗಳೂರಿಗೆ ಹೊರಟವಳೂ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಪೊಟ್ಟಣದ ಮಂಡಕ್ಕಿ ತಿನ್ನುತ್ತಾರೆ. ಕಳಿಸಲು ಬಂದ ತಾಯಿ ಕಿಟಕಿಯ ಸರಳು ಹಿಡಿದು, ಬಸ್ಸು ಹೊರಳುವವರೆಗೂ ಮಾತಾಡುತ್ತಾಳೆ. ವಿಮಾನ ನಿಲ್ದಾಣವೂ ಹೀಗೆಯೇ ಇರಬಹುದೆಂದು ನಂಬಿದ್ದು ನನ್ನ ತಪ್ಪು.

ಹೋದ ವರ್ಷ ಮಗಳು ಓದಲಿಕ್ಕೆ ಜರ್ಮನಿಗೆ ಹೊರಟಳು. ನನಗೂ ದೆಹಲಿಯಲ್ಲಿರುವ ತಮ್ಮನ ಮನೆಗೆ ಹೋಗುವುದಿತ್ತು. ಟಿಕೆಟ್ ಇಲ್ಲದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆಂದು ಕೇಳಿದ್ದೆ. ಹಾಗಾಗಿ ಬೇಕೆಂದೇ ಅದೇ ರಾತ್ರಿಯ ಟಿಕೆಟ್ ತೆಗೆಸಿದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್‌ನಿಂದಲೇ ಇಬ್ಬರ ವಿಮಾನವೂ ಹೊರಡುವುದಿತ್ತು. 2023ರ ಸೆಪ್ಟೆಂಬರ್‌ನಿಂದ ಹೊರದೇಶದ ವಿಮಾನಗಳೂ ಅಲ್ಲಿಂದ ಹಾರುತ್ತವೆ. ಎರಡು ತಾಸಾದರೂ ಅವಳ ಪಕ್ಕ ಕೂರಬಹುದೆಂದು ಲೆಕ್ಕ ಹಾಕಿ ಶೇಂಗಾ ಹೋಳಿಗೆ ಕಟ್ಟಿಕೊಂಡಿದ್ದೆ.

ಸಾಮಾನು ಒಪ್ಪಿಸಿ ನಾಲ್ಕು ಹೆಜ್ಜೆ ಇಟ್ಟೆವೋ ಇಲ್ಲವೋ, ಎದುರಿಗೆ ಎರಡು ಫಲಕಗಳು. ದೇಶದೊಳಗೆ ಹೋಗುವವರಿಗೆ ಒಂದು ದಾರಿ, ಹೊರದೇಶಕ್ಕೆ ಹೋಗುವವರಿಗೆ ಇನ್ನೊಂದು. "ನನ್ನ ಹತ್ತಿರವೂ ಟಿಕೆಟ್ ಇದೆಯಲ್ಲಪ್ಪಾ" ಎಂದೆ, ಕಾವಲಿನ ಹುಡುಗನಿಗೆ. "ಇದೆ ಅಮ್ಮಾ, ಆದರೆ ನಿಮ್ಮ ದಾರಿ ಆ ಕಡೆ" ಎಂದ. ಹೋಳಿಗೆಯ ಡಬ್ಬಿ ನನ್ನ ಚೀಲದಲ್ಲೇ ಉಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಮಗಳ ಫೋನ್ ಬಂತು. "ಅವ್ವಾ, ಸಿಕ್ಕೆ ಹಾಕಿದರು. ಕಾಗದದ ಪ್ರಕಾರ ನಾನೀಗ ದೇಶ ಬಿಟ್ಟಾಯ್ತು. ಆದರೆ ಇನ್ನೂ ಇಲ್ಲೇ ಕೂತೀನಿ!" ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಪ್ರಾಮಾಣಿಕಳಾದ ಒಬ್ಬ ತಾಯಿಯನ್ನು ಮಗಳಿಂದ ದೂರ ಕೂರಿಸುವುದು ಯಾವ ನ್ಯಾಯ? ದೆಹಲಿ ಮುಟ್ಟುವವರೆಗೂ ಇದೇ ಯೋಚನೆ. ಕಾರಣ ತಮ್ಮನ ಮನೆಯಲ್ಲಿ ತಿಳಿಯಿತು. ಹೊರದೇಶಕ್ಕೆ ಹೋಗುವವರ ಪಾಸ್‌ಪೋರ್ಟನ್ನು ವಲಸೆ ಅಧಿಕಾರಿಗಳು ನೋಡಿ ಮುದ್ರೆ ಒತ್ತುತ್ತಾರೆ. ದೇಶ ಬಿಡಬಾರದೆಂದು ಕೋರ್ಟು ತಡೆದವರು ಸಿಕ್ಕಿಬೀಳುವುದು ಅಲ್ಲಿಯೇ. ದೆಹಲಿಗೆ ಹೋಗುವ ನನಗೆ ಗುರುತಿನ ಚೀಟಿಯೊಂದೇ ಸಾಕು. ಇಬ್ಬರೂ ಒಳಗೆ ಬೆರೆತು ಕುಳಿತರೆ, ದೆಹಲಿ ಟಿಕೆಟ್ಟಿನಲ್ಲಿ ಒಳಗೆ ಬಂದ ಅಪರಾಧಿಯೊಬ್ಬ ಗೆಳೆಯನ ಬೋರ್ಡಿಂಗ್ ಕಾರ್ಡು ಪಡೆದು, ಯಾರ ಕಣ್ಣಿಗೂ ಬೀಳದೆ ಹಾರಿಹೋಗಬಹುದು. ಇನ್ನು ಅಲ್ಲಿ ಸುಂಕವಿಲ್ಲದ ಅಂಗಡಿಗಳಿವೆ. ದೇಶದಾಚೆ ಹೋಗುವ ಸರಕೆಂದೇ ಅದಕ್ಕೆ ಸುಂಕದ ವಿನಾಯಿತಿ. ಅದು ನನ್ನ ಕೈಚೀಲದಲ್ಲಿ ಮತ್ತೆ ಊರಿಗೇ ಬಂದರೆ ಆ ವಿನಾಯಿತಿಗೆ ಅರ್ಥವೇ ಇಲ್ಲ.

ಕೇಳುತ್ತಾ ಕೇಳುತ್ತಾ ನನಗೆ ನನ್ನ ಪರೀಕ್ಷಾ ಕೊಠಡಿ ನೆನಪಾಯಿತು. ಎಷ್ಟೋ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಜೀವದ ಗೆಳತಿಯರನ್ನು ಬೇರೆ ಬೇರೆ ಬೆಂಚಿಗೆ ಕೂರಿಸಿದವಳು ನಾನೇ. 2024ರಿಂದಂತೂ ಕೊಠಡಿಯಲ್ಲಿ ಕ್ಯಾಮೆರಾದ ಕಣ್ಣೂ ಇದೆ. "ಟೀಚರ್, ನಾವು ಕಾಪಿ ಮಾಡಲ್ಲ" ಎಂದು ಹುಡುಗಿಯರು ಕಣ್ಣು ತುಂಬಿಕೊಂಡಾಗ, "ಬಾಯಿ ಮುಚ್ಚಿ ಕೂಡ್ರು" ಎಂದಿದ್ದೇನೆ. ಅವರ ನೋವು ನನಗೆ ಮುಟ್ಟಿದ್ದು ಆ ಎರಡು ಫಲಕಗಳ ಮುಂದೆ ನಿಂತಾಗ.

ಹಾಗಾದರೆ ಎಲ್ಲರನ್ನೂ ಅನುಮಾನಿಸುವ ನಿಯಮ ಒಳ್ಳೆಯವರಿಗೆ ಅವಮಾನವೇ? ಅಲ್ಲವೆಂದು ಈಗ ನನಗೆ ತೋರುತ್ತದೆ. ಅದು ಮಂತ್ರಿಯ ಮಗಳಿಗೂ ಮೇಷ್ಟರ ಮಗಳಿಗೂ ಒಂದೇ ಆಗಿದ್ದರೆ, ಅನುಮಾನ ಯಾರೊಬ್ಬರ ಮೇಲೂ ಬೀಳುವುದಿಲ್ಲ. ಅವಮಾನದ ಗೆರೆ ಬೇರೆಯೇ ಇದೆ. ನಾನು ಚಿಕ್ಕವಳಿದ್ದಾಗ ನಮ್ಮ ಸೀಮೆಯ ಚಹಾ ಅಂಗಡಿಗಳಲ್ಲಿ ಕೆಲವರಿಗೆಂದೇ ಬೇರೆ ಲೋಟ ಇಡುತ್ತಿದ್ದರು. ಎಲ್ಲಿಗೆ ಹೊರಟೆ ಎಂದು ಆ ಲೋಟ ಕೇಳುತ್ತಿರಲಿಲ್ಲ, ಯಾರ ಹೊಟ್ಟೆಯಲ್ಲಿ ಹುಟ್ಟಿದೆ ಎಂದು ಕೇಳುತ್ತಿತ್ತು. ನಿಲ್ದಾಣದ ಆ ಎರಡು ದಾರಿ ಕೇಳಿದ್ದು ಎಲ್ಲಿಗೆ ಹೊರಟೆ ಎಂದು ಮಾತ್ರ. ನಾಳೆ ನಾನೂ ಜರ್ಮನಿಗೆ ಹೊರಟರೆ ಅದೇ ದಾರಿ ನನಗೂ ತೆರೆಯುತ್ತದೆ. ಪಾಸ್‌ಪೋರ್ಟಿಗೂ ಹುಟ್ಟಿದ ನಾಡು ಬೇಕು, ಯಾವ ನಾಡಿನ ಪುಸ್ತಕ ಎಂಬುದರ ಮೇಲೆ ಬೇರೆ ದೇಶದ ಬಾಗಿಲು ತೆರೆಯುತ್ತದೆ ಎಂಬುದನ್ನೂ ಬಲ್ಲೆ. ಆ ತಕರಾರು ನನ್ನಲ್ಲಿ ಇನ್ನೂ ಉಳಿದಿದೆ.

ಗೆರೆ ಎಳೆದವರು ಮನುಷ್ಯರೇ ಎಂಬುದನ್ನೂ ಮರೆಯಬಾರದು. ಅಮೆರಿಕದಲ್ಲಿ ದೇಶ ಬಿಡುವವರಿಗೆ ಇಂಥ ಮುದ್ರೆಯ ಕಟ್ಟೆಯಿಲ್ಲ. ಅಲ್ಲಿ ಒಳಗೆ ಹೋಗುವವರೂ ಹೊರಗೆ ಹೋಗುವವರೂ ಒಂದೇ ಹಜಾರದಲ್ಲಿ ಕೂರುತ್ತಾರೆ. ದೂರವೇಕೆ, ನಮ್ಮ ಅಜ್ಜಿಯ ತವರು ಜಗಳೂರು ಮೈಸೂರು ಸೀಮೆಯಲ್ಲಿತ್ತು, ಗಂಡನ ಮನೆ ಕೂಡ್ಲಿಗಿ ಮದ್ರಾಸಿಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ನಮ್ಮ ತಾಲ್ಲೂಕುಗಳು ಮೈಸೂರಿಗೆ ಸೇರಿದಾಗ, ಅಜ್ಜಿ ಒಲೆಯ ಮುಂದಿನಿಂದ ಏಳದೆಯೇ ರಾಜ್ಯ ಬದಲಿಸಿದಳು. ನನ್ನ ಮಗಳು ಒಂದೇ ಸೂರಿನ ಕೆಳಗೆ ಕುಳಿತೇ ದೇಶ ಬಿಟ್ಟ ಹಾಗೆ.

ಮನುಷ್ಯರು ಎಳೆದ ಗೆರೆಯಾದ್ದರಿಂದಲೇ ಎಳೆದವರ ಮೇಲೆ ಒಂದು ಋಣವಿದೆ: ಕಾರಣ ಹೇಳುವ ಋಣ. ಕಾವಲಿನ ಹುಡುಗ ನನ್ನ ಜೊತೆ ಮೃದುವಾಗಿಯೇ ಮಾತಾಡಿದ. ನಾನು ಮಕ್ಕಳೊಡನೆ ಅಷ್ಟನ್ನೂ ಮಾಡಿರಲಿಲ್ಲ. ಈ ಸಲ ಪರೀಕ್ಷೆಯ ಹಿಂದಿನ ದಿನ ಅವರನ್ನು ಕೂರಿಸಿಕೊಂಡು ಹೇಳಿದೆ: "ನಿಮ್ಮನ್ನು ಬೇರೆ ಮಾಡುವುದು ನೀವು ಕಳ್ಳರೆಂದಲ್ಲ. ನಿಮ್ಮ ಅಂಕ ನಿಮ್ಮದೇ ಎಂದು ನಾಳೆ ಯಾರೂ ಅನುಮಾನಿಸಬಾರದೆಂದು." ಒಬ್ಬಳು ತಟ್ಟನೆ ಕೇಳಿದಳು, "ಇದನ್ನ ಮೊದಲೇ ಯಾಕ ಹೇಳಲಿಲ್ರಿ ಟೀಚರ್?"

ನನ್ನಲ್ಲಿ ಉತ್ತರವಿರಲಿಲ್ಲ.

ಅಂದ ಹಾಗೆ, ಆ ರಾತ್ರಿಯ ಹೋಳಿಗೆ ಹಾಳಾಗಲಿಲ್ಲ. ನನ್ನ ಪಕ್ಕ ಕುಳಿತಿದ್ದ ಅಪರಿಚಿತ ಹೆಂಗಸೊಬ್ಬಳು ಮಗನನ್ನು ಆ ಬಾಗಿಲೊಳಗೆ ಕಳಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಡಬ್ಬಿ ತೆರೆದು ಅವಳ ಮುಂದಿಟ್ಟೆ.