ಕಾವಲಿನ ವಿದ್ಯೆ ಯಾರ ಸೊತ್ತು?

‘ಸರ್ವರ್ ಡೌನ್’ ಎಂಬ ಮಾತು ಈಗ ಕನ್ನಡದ್ದೇ ಆಗಿಬಿಟ್ಟಿದೆ. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ನಿಂತವರು, ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಿಂತವರು, ಪರೀಕ್ಷೆಯ ಫಲಿತಾಂಶಕ್ಕೆ ಕಾದ ಮಕ್ಕಳು, ಎಲ್ಲರೂ ಅದನ್ನು ಕೇಳಿದ್ದಾರೆ. 2023ರಲ್ಲಿ ಗೃಹಜ್ಯೋತಿ, ಗೃಹಲಕ್ಷ್ಮಿ ಯೋಜನೆಗಳ ನೋಂದಣಿ ಆರಂಭವಾದಾಗ ರಾಜ್ಯದ ಊರೂರಿನಲ್ಲಿ ಇದೇ ಮಾತು ಕೇಳಿಸಿತು. ಕೂಲಿ ಬಿಟ್ಟು ಬಂದ ಹೆಂಗಸಿಗೆ ಸರ್ವರ್ ಎಂದರೇನೆಂದು ಯಾರೂ ಹೇಳಿರುವುದಿಲ್ಲ. ಅದು ಕೆಟ್ಟು ನಿಂತರೆ ತನ್ನ ಒಂದು ದಿನದ ದುಡಿಮೆ ಹೋಯಿತೆಂಬುದು ಮಾತ್ರ ಆಕೆಗೆ ಚೆನ್ನಾಗಿ ಗೊತ್ತು.

ಸರ್ವರ್ ಎಂದರೆ ಎಲ್ಲೋ ಒಂದೆಡೆ ಇರುವ ಕಂಪ್ಯೂಟರ್. ನಾವು ಕೇಳಿದ್ದನ್ನು ಅದು ತೆಗೆದು ಕೊಡುತ್ತದೆ, ನಾವು ಕೊಟ್ಟದ್ದನ್ನು ಇಟ್ಟುಕೊಳ್ಳುತ್ತದೆ. ಅದಕ್ಕೆ ಮೂರು ಭಯಗಳಿವೆ. ಒಂದು, ಏಕಕಾಲಕ್ಕೆ ನುಗ್ಗುವ ಜನಸಂದಣಿ. ಎರಡು, ಕಳ್ಳ. ಮೂರು, ಬೆಂಕಿ ಅಥವಾ ಮನುಷ್ಯನ ಕೈತಪ್ಪು. ಈ ಮೂರನ್ನು ಎದುರಿಸಲು ಕಳೆದ ಐವತ್ತು ವರ್ಷಗಳಲ್ಲಿ ಅನೇಕ ಆವಿಷ್ಕಾರಗಳಾಗಿವೆ. ಅವುಗಳ ತಾಂತ್ರಿಕ ಸೂಕ್ಷ್ಮಗಳು ಪರಿಣತರಿಗೆ ಬಿಟ್ಟ ವಿಷಯ. ಆದರೆ ಅವುಗಳ ಹಿಂದಿರುವ ಒಂದು ಪ್ರಶ್ನೆ ಎಲ್ಲರದು: ಎಲ್ಲರನ್ನೂ ಕಾಯಬಲ್ಲ ವಿದ್ಯೆಯೊಂದನ್ನು ಒಬ್ಬರು ಕಂಡುಹಿಡಿದರೆ, ಅದು ಅವರ ಸೊತ್ತೇ? ಅಥವಾ ಅದರಲ್ಲಿ ಉಳಿದವರಿಗೂ ಹಕ್ಕಿದೆಯೇ?

ಜನಸಂದಣಿಯಿಂದಲೇ ಆರಂಭಿಸೋಣ. ವರ್ಲ್ಡ್ ವೈಡ್ ವೆಬ್ ಹುಟ್ಟಿದ್ದು ಜಿನೀವಾದ ಬಳಿಯ ಸೆರ್ನ್ ಸಂಶೋಧನಾ ಕೇಂದ್ರದಲ್ಲಿ. ಅದನ್ನು ರೂಪಿಸಿದವರು ಟಿಮ್ ಬರ್ನರ್ಸ್-ಲೀ. 1993ರ ಏಪ್ರಿಲ್ 30ರಂದು ಸೆರ್ನ್ ಅದರ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಜಗತ್ತಿಗೆ ಬಿಟ್ಟುಕೊಟ್ಟಿತು. ಬಾಗಿಲು ಎಲ್ಲರಿಗೂ ತೆರೆಯಿತು. ಆದರೆ ತೆರೆದ ಬಾಗಿಲಿಗೆ ಜನ ಮುಗಿಬೀಳುತ್ತಾರಲ್ಲ, ಅದಕ್ಕೇನು ಮಾಡುವುದು?

1997ರಲ್ಲಿ ಅಮೆರಿಕದ ಎಂಐಟಿಯ ಗಣಿತಜ್ಞರ ತಂಡವೊಂದು ಇದಕ್ಕೆ ಸೊಗಸಾದ ಲೆಕ್ಕವೊಂದನ್ನು ಪ್ರಕಟಿಸಿತು. ಅದನ್ನು ಹೀಗೆ ಹೇಳಬಹುದು. ಮದುವೆಗೆ ಬಂದ ನೆಂಟರನ್ನು ಹತ್ತು ಮನೆಗಳಿಗೆ ಹಂಚಿದ್ದೇವೆ ಎನ್ನಿ. ಒಂದು ಮನೆ ಮುಚ್ಚಬೇಕಾಯಿತು. ಹಳೆಯ ಲೆಕ್ಕದ ಪ್ರಕಾರ ಹೆಚ್ಚುಕಡಿಮೆ ಎಲ್ಲರನ್ನೂ ಎಬ್ಬಿಸಿ ಮತ್ತೆ ಹಂಚಬೇಕು. ಹೊಸ ಲೆಕ್ಕದಲ್ಲಿ ಆ ಒಂದು ಮನೆಯವರು ಮಾತ್ರ ಬೇರೆಡೆಗೆ ಹೋಗುತ್ತಾರೆ, ಉಳಿದವರ ನಿದ್ದೆ ಕೆಡುವುದಿಲ್ಲ. ಈ ತಂಡದಲ್ಲಿದ್ದ ಟಾಮ್ ಲೈಟನ್ ಮತ್ತು ಡೇನಿಯಲ್ ಲೆವಿನ್ 1998ರಲ್ಲಿ ಅಕಮೈ ಎಂಬ ಕಂಪೆನಿ ಕಟ್ಟಿದರು. ಜಾಲತಾಣಗಳ ಪ್ರತಿಗಳನ್ನು ಅನೇಕ ಊರುಗಳ ಸರ್ವರ್‌ಗಳಲ್ಲಿಟ್ಟು ಹತ್ತಿರದವರಿಗೆ ಹತ್ತಿರದಿಂದಲೇ ಬಡಿಸುವುದು ಅದರ ಕೆಲಸ.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಗೋಪುರಗಳ ಮೇಲೆ ದಾಳಿಯಾದಾಗ ಜಗತ್ತೇ ಸುದ್ದಿತಾಣಗಳಿಗೆ ಮುಗಿಬಿತ್ತು. ದೊಡ್ಡ ದೊಡ್ಡ ತಾಣಗಳೇ ತೆರೆಯದಾದವು. ಸುದ್ದಿ ಬೇಕಾದವರು ರೇಡಿಯೋ, ಟಿವಿ ಹಾಕಿಕೊಳ್ಳಿ ಎಂದು ಗೂಗಲ್ ತನ್ನ ಮುಖಪುಟದಲ್ಲಿ ಬರೆಯಬೇಕಾಯಿತು. ಅಂದು ಅನೇಕ ಸುದ್ದಿತಾಣಗಳ ಹೊರೆ ಹೊತ್ತದ್ದು ಅಕಮೈ ಜಾಲ. ಆ ಜಾಲ ಕಟ್ಟಿದ ಡೇನಿಯಲ್ ಲೆವಿನ್, ಮೊದಲು ಅಪ್ಪಳಿಸಿದ ವಿಮಾನದ ಪ್ರಯಾಣಿಕರಲ್ಲಿ ಒಬ್ಬರಾಗಿದ್ದರು. ಆಗ ಅವರ ವಯಸ್ಸು 31. ತಾನಿಲ್ಲದ ಮೇಲೂ ತನ್ನ ವಿದ್ಯೆ ಇತರರಿಗೆ ಒದಗುತ್ತದೆ ಎಂಬುದಕ್ಕೆ ಇದಕ್ಕಿಂತ ಮನಕಲಕುವ ನಿದರ್ಶನ ಸಿಗಲಾರದು.

ಆದರೆ ಇದೇ ವಿದ್ಯೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಲೈಟನ್ ಮತ್ತು ಲೆವಿನ್ ಅವರ ಪದ್ಧತಿಗೆ ಪೇಟೆಂಟ್ ಇತ್ತು. ಲೈಮ್‌ಲೈಟ್ ಎಂಬ ಪೈಪೋಟಿಯ ಕಂಪೆನಿಯ ಮೇಲೆ 2006ರಲ್ಲಿ ಹೂಡಿದ ಮೊಕದ್ದಮೆ 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಂದು ಪದ್ಧತಿಯ ಕೆಲವು ಹಂತಗಳನ್ನು ಕಂಪೆನಿ ಮಾಡಿ, ಒಂದು ಹಂತವನ್ನು ಅದರ ಗ್ರಾಹಕ ಮಾಡಿದರೆ ಅದು ಪೇಟೆಂಟಿನ ಉಲ್ಲಂಘನೆಯೇ ಎಂಬುದು ಚರ್ಚೆ. 2015ರಲ್ಲಿ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠ ಅಕಮೈ ಪರ ನಿಂತಿತು. ಜನರಿಗೆ ದಾರಿ ಬಿಡಿಸುವ ವಿದ್ಯೆಯ ಒಡೆತನ ಯಾರದೆಂದು ತೀರ್ಮಾನಿಸಲು ಒಂಬತ್ತು ವರ್ಷ ಹಿಡಿಯಿತು.

ಇನ್ನು ಬೀಗದ ಕತೆ. ಗುಟ್ಟಿನ ಪತ್ರ ಕಳಿಸಬೇಕಾದರೆ ಇಬ್ಬರಲ್ಲೂ ಒಂದೇ ಕೀಲಿಕೈ ಇರಬೇಕು, ಅದನ್ನು ಮೊದಲೇ ಹಂಚಿಕೊಂಡಿರಬೇಕು ಎಂದು ಬಹುಕಾಲ ನಂಬಲಾಗಿತ್ತು. 1976ರಲ್ಲಿ ವಿಟ್‌ಫೀಲ್ಡ್ ಡಿಫೀ ಮತ್ತು ಮಾರ್ಟಿನ್ ಹೆಲ್ಮನ್ ಇದು ಅಗತ್ಯವಿಲ್ಲವೆಂದು ತೋರಿಸಿದರು. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅದನ್ನು ಕಾರ್ಯರೂಪಕ್ಕೆ ತರುವ ಪದ್ಧತಿಯನ್ನು ಕಂಡರು. ಬೀಗವನ್ನು ತೆರೆದಿಟ್ಟು ಊರಿಗೆಲ್ಲ ಹಂಚಬಹುದು, ಯಾರು ಬೇಕಾದರೂ ಅದನ್ನು ಒತ್ತಿ ಮುಚ್ಚಬಹುದು, ತೆರೆಯುವ ಕೀಲಿಕೈ ಮಾತ್ರ ಒಡೆಯನಲ್ಲಿರುತ್ತದೆ. ನಾವು ಬ್ಯಾಂಕಿನ ತಾಣಕ್ಕೆ ಹೋಗಿ ಧೈರ್ಯವಾಗಿ ಗುಪ್ತಪದ ಬರೆಯುವುದರ ಬೇರು ಈ ವಿಚಾರದಲ್ಲಿದೆ.

ವಿಶೇಷವೆಂದರೆ ಇದೇ ಪದ್ಧತಿಯನ್ನು 1973ರಲ್ಲೇ ಬ್ರಿಟನ್ನಿನ ಕ್ಲಿಫರ್ಡ್ ಕಾಕ್ಸ್ ಎಂಬ ಯುವ ಗಣಿತಜ್ಞ ಕಂಡುಹಿಡಿದಿದ್ದರು. ಅವರು ಸರಕಾರದ ಗುಪ್ತಚರ ಇಲಾಖೆಯ ನೌಕರ. ಇಲಾಖೆ ಅದನ್ನು ಮುಚ್ಚಿಟ್ಟಿತು. ಹೊರಜಗತ್ತಿಗೆ ವಿಷಯ ತಿಳಿದದ್ದು 1997ರಲ್ಲಿ. ಇತ್ತ ಅಮೆರಿಕದ ಮೂವರ ಪದ್ಧತಿಗೆ 1983ರ ಸೆಪ್ಟೆಂಬರಿನಲ್ಲಿ ಪೇಟೆಂಟ್ ಸಿಕ್ಕಿತು, 2000ದ ಸೆಪ್ಟೆಂಬರಿನಲ್ಲಿ ಅವಧಿ ಮುಗಿಯಿತು. ಆ ಹದಿನೇಳು ವರ್ಷ ಅಮೆರಿಕದಲ್ಲಿ ಅದನ್ನು ವ್ಯಾಪಾರಕ್ಕೆ ಬಳಸುವವರು ಅನುಮತಿ ಪಡೆಯಬೇಕಿತ್ತು. ಮುಂದೆ 2015ರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ ಬಂತು. ಜಾಲತಾಣವೊಂದು ಬೀಗ ಹಾಕಿಕೊಳ್ಳಲು ಬೇಕಾದ ಪ್ರಮಾಣಪತ್ರವನ್ನು ಸಾಮಾನ್ಯವಾಗಿ ಹಣ ಕೊಟ್ಟು ಕೊಳ್ಳಬೇಕಿದ್ದ ಕಾಲದಲ್ಲಿ ಅದು ಎಲ್ಲರಿಗೂ ಪುಕ್ಕಟೆಯಾಗಿ ಕೊಡತೊಡಗಿತು. ಬಡ ಶಾಲೆಯ ತಾಣಕ್ಕೂ ದೊಡ್ಡ ಬ್ಯಾಂಕಿನ ತಾಣಕ್ಕೂ ಒಂದೇ ಬಗೆಯ ಬೀಗ ಸಿಕ್ಕಿತು.

ಒಂದೇ ವಿದ್ಯೆ, ಮೂರು ದಾರಿ: ಮುಚ್ಚಿಡುವುದು, ಮಾರುವುದು, ಹಂಚುವುದು. ಇವುಗಳಲ್ಲಿ ಯಾವುದು ಸರಿ?

ಮುಚ್ಚಿಟ್ಟದ್ದರಿಂದ ಹೊರಗಿನವರಿಗೆ ಕಾಸಿನ ಉಪಯೋಗವೂ ಆಗಲಿಲ್ಲ, ಕಂಡುಹಿಡಿದವರಿಗೂ ಕಾಲು ಶತಮಾನ ಹೆಸರು ಸಿಗಲಿಲ್ಲ. ಮಾರಿದ್ದನ್ನು ಸುಲಭವಾಗಿ ತಪ್ಪೆನ್ನಲಾಗದು. ಪೇಟೆಂಟ್ ಎಂಬುದು ಸಮಾಜ ಮತ್ತು ಸಂಶೋಧಕನ ನಡುವಿನ ಒಪ್ಪಂದ. ನಿನ್ನ ವಿದ್ಯೆಯನ್ನು ಎಲ್ಲರೆದುರು ಬರೆದಿಡು, ಇಷ್ಟು ವರ್ಷ ಅದರ ಫಲ ನೀನು ತಿನ್ನು, ಆಮೇಲೆ ಅದು ಎಲ್ಲರದು ಎಂಬ ಕರಾರು. ದುಡಿದವನಿಗೆ ಕೂಲಿ ಕೊಡಬೇಡವೇ? ಬಾವಿ ತೋಡಿದವನು ಬಾಯಾರಿ ಸಾಯಬೇಕೇ?

ಈ ವಾದದಲ್ಲಿ ಸತ್ಯವಿದೆ. ಆದರೆ ಬಾವಿ ತೋಡಿದ್ದಕ್ಕೆ ಕೂಲಿ ಪಡೆಯುವುದು ಬೇರೆ, ಊರಿನ ಅಂತರ್ಜಲವೇ ತನ್ನದೆನ್ನುವುದು ಬೇರೆ. ಒಂದು ಯಂತ್ರಕ್ಕೆ ಒಡೆಯನಿರಬಹುದು. ಒಂದು ಲೆಕ್ಕಕ್ಕೆ, ಒಂದು ತರ್ಕಕ್ಕೆ ಒಡೆಯನಿರಬಹುದೇ? ಭಾರತದ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಗಣಿತದ ವಿಧಾನ, ವ್ಯಾಪಾರದ ವಿಧಾನ, ಬರಿಯ ಕಂಪ್ಯೂಟರ್ ಪ್ರೋಗ್ರಾಂ ಇವುಗಳನ್ನು ಆವಿಷ್ಕಾರವೆಂದು ಪರಿಗಣಿಸುವುದಿಲ್ಲ. 2004ರ ಕೊನೆಗೆ ಬಂದ ಸುಗ್ರೀವಾಜ್ಞೆ ಈ ನಿರ್ಬಂಧವನ್ನು ಸಡಿಲಿಸಿತ್ತು. 2005ರಲ್ಲಿ ಸಂಸತ್ತು ತಿದ್ದುಪಡಿ ಕಾಯ್ದೆ ಅಂಗೀಕರಿಸಿದಾಗ ಆ ಸಡಿಲಿಕೆಯನ್ನು ಕೈಬಿಟ್ಟಿತು. ವಿವೇಕದ ನಿರ್ಧಾರವೆಂದೇ ನಾವು ಭಾವಿಸುತ್ತೇವೆ. ಐಷಾರಾಮದ ವಸ್ತುವಿಗೆ ಬೆಲೆ ಕಟ್ಟಿದರೆ ಕೊಳ್ಳಲಾಗದವನು ಅದಿಲ್ಲದೆ ಬದುಕುತ್ತಾನೆ. ರಕ್ಷಣೆಯ ವಿದ್ಯೆ ಹಾಗಲ್ಲ. ಬೀಗವಿಲ್ಲದ ಒಂದು ಮನೆಗೆ ನುಗ್ಗಿದ ಕಳ್ಳ ಅಲ್ಲಿಂದಲೇ ಪಕ್ಕದ ಮನೆಗೆ ಕನ್ನ ಕೊರೆಯುತ್ತಾನೆ. ಜಾಲದಲ್ಲಿ ಸುಲಿಗೆಗೀಡಾದ ಕಂಪ್ಯೂಟರನ್ನೇ ಇನ್ನೊಂದರ ಮೇಲಿನ ದಾಳಿಗೆ ಬಳಸಲಾಗುತ್ತದೆ. ನೆರೆಯವನ ಭದ್ರತೆಯಲ್ಲಿ ನಮ್ಮ ಭದ್ರತೆಯೂ ಅಡಗಿದೆ.

ಹಾಗಾದರೆ ಎಲ್ಲವನ್ನೂ ಪುಕ್ಕಟೆ ಹಂಚಿಬಿಟ್ಟರೆ ಪ್ರಶ್ನೆ ಮುಗಿಯಿತೇ? ಇಲ್ಲ. ಇಲ್ಲಿಂದ ಇನ್ನೊಂದು ಹೊಣೆ ಆರಂಭವಾಗುತ್ತದೆ.

ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ತಂತ್ರಾಂಶ ಜಗತ್ತಿನ ಸರ್ವರ್‌ಗಳ ದೊಡ್ಡ ಪಾಲಿಗೆ ಬೀಗದ ಕೆಲಸ ಮಾಡುತ್ತಿತ್ತು. 2014ರ ಏಪ್ರಿಲಿನಲ್ಲಿ ಅದರೊಳಗೆ ‘ಹಾರ್ಟ್‌ಬ್ಲೀಡ್’ ಎಂದು ಹೆಸರಾದ ಬಿರುಕೊಂದು ಪತ್ತೆಯಾಯಿತು. ಸರ್ವರಿನ ನೆನಪಿನಲ್ಲಿದ್ದ ಗುಪ್ತಪದಗಳೂ ಕೀಲಿಕೈಗಳೂ ಆ ಬಿರುಕಿನಿಂದ ಸೋರಬಹುದಿತ್ತು. ಎರಡು ವರ್ಷ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಏಕೆಂದು ನೋಡಿದಾಗ ಇನ್ನೊಂದು ಸತ್ಯ ಹೊರಬಿತ್ತು. ಸಾವಿರಾರು ಕೋಟಿ ವಹಿವಾಟಿನ ಕಂಪೆನಿಗಳು ನೆಚ್ಚಿದ್ದ ಆ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. ಅವರಲ್ಲಿ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್. ಅನಾಹುತವಾದ ಮೇಲೆ ದೊಡ್ಡ ಕಂಪೆನಿಗಳು ಹಣ ಕೊಡಲು ಮುಂದೆ ಬಂದವು.

ನಮ್ಮ ಊರುಗಳಲ್ಲಿ ಬೇಸಗೆಯಲ್ಲಿ ಅರವಟ್ಟಿಗೆ ಇಡುವ ಪದ್ಧತಿಯಿದೆ. ದಾರಿಹೋಕನ ಜಾತಿ, ಮತ, ಕಿಸೆ ಯಾವುದನ್ನೂ ನೋಡದೆ ನೀರು ಕೊಡುವುದು ಅದರ ಸೊಗಸು. ಆದರೆ ಕುಡಿದವರೆಲ್ಲ ಬಾಯಿ ಒರೆಸಿಕೊಂಡು ಹೋದರೆ ಕೊಡ ತುಂಬುವವರು ಯಾರು? ಬಡ ದಾರಿಹೋಕ ಹಾಗೆ ಹೋದರೆ ತಪ್ಪಿಲ್ಲ, ಅರವಟ್ಟಿಗೆ ಇರುವುದೇ ಅವನಿಗಾಗಿ. ಅದೇ ನೀರಿನಿಂದ ಸೋಡಾ ಕಾರ್ಖಾನೆ ನಡೆಸುವವನೂ ಹಾಗೇ ಹೋದರೆ ಅದಕ್ಕೆ ಏನನ್ನಬೇಕು? ಕಾನೂನು ಅವನನ್ನು ಹಿಡಿಯಲಾರದು. ಅವನ ಮನಸ್ಸಾಕ್ಷಿ ಕೇಳಬೇಕು.

ಮೂರನೆಯದು ನಕಲಿನ ವಿಷಯ, ಅಂದರೆ ಬ್ಯಾಕಪ್. 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಆರ್‌ಸಿಂಕ್ ಎಂಬ ತಂತ್ರಾಂಶ ಬರೆದು ಉಚಿತವಾಗಿ ಕೊಟ್ಟರು. ಇಡೀ ಕಡತವನ್ನು ಪ್ರತಿ ಸಲ ಸಾಗಿಸದೆ ಬದಲಾದ ಭಾಗವನ್ನು ಮಾತ್ರ ಕಳಿಸಿ ಎರಡೂ ಕಡೆಯ ಪ್ರತಿಗಳನ್ನು ಸರಿಹೊಂದಿಸುವ ಜಾಣ ಪದ್ಧತಿ ಅದರದು. ಹಣವಿಲ್ಲ ಎಂಬ ಕಾರಣಕ್ಕೆ ನಕಲು ಇಟ್ಟುಕೊಳ್ಳಲಾಗಲಿಲ್ಲ ಎಂದು ಹೇಳುವ ಹಾಗಿಲ್ಲ.

ಆದರೂ ಏನಾಯಿತು ನೋಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪೆನಿಯ ಉದ್ಯೋಗಿಯೊಬ್ಬರು ತಪ್ಪು ಸರ್ವರಿನಲ್ಲಿ ಕಡತಗಳನ್ನು ಅಳಿಸಿಬಿಟ್ಟರು. ನಕಲು ತೆಗೆಯಲು ಅಲ್ಲಿ ಐದು ವ್ಯವಸ್ಥೆಗಳಿದ್ದವು. ಬೇಕಾದ ಹೊತ್ತಿನಲ್ಲಿ ಒಂದೂ ಸರಿಯಾಗಿ ಒದಗಲಿಲ್ಲ. ನಿತ್ಯದ ನಕಲು ತೆಗೆಯುವ ಕೆಲಸ ವಿಫಲವಾಗುತ್ತಿದ್ದುದು ಯಾರಿಗೂ ತಿಳಿದಿರಲಿಲ್ಲ. ಆರು ಗಂಟೆ ಮೊದಲು ಬೇರಾವುದೋ ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದು ಅದೃಷ್ಟವಶಾತ್ ಕೈಹಿಡಿಯಿತು. ಆ ಕಂಪೆನಿ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಬಹಿರಂಗವಾಗಿ ಹೇಳಿಕೊಂಡದ್ದು ಮೆಚ್ಚಬೇಕಾದ ಮಾತು. 2021ರ ಮಾರ್ಚಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪೆನಿಯ ಸರ್ವರ್ ಕಟ್ಟಡ ಸುಟ್ಟಾಗ ಮೂಲ, ನಕಲು ಎರಡನ್ನೂ ಒಟ್ಟಿಗೆ ಕಳೆದುಕೊಂಡ ಗ್ರಾಹಕರಿದ್ದರು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾಗಿ ಅನೇಕ ದಿನ ರೋಗಿಗಳ ಚೀಟಿಗಳನ್ನು ಕೈಯಲ್ಲೇ ಬರೆಯಬೇಕಾಯಿತು.

ವಿದ್ಯೆ ಕೈಯಲ್ಲಿದ್ದರೆ ಸಾಲದು ಎಂಬುದನ್ನು ಇವು ತಿಳಿಸುತ್ತವೆ. ಕಾಯುವುದು ಯಂತ್ರದ ಗುಣವಲ್ಲ, ಕಾಯುವವನ ಗುಣ. ಇಲ್ಲಿ ನಮಗೆ ‘ಅಮಾನತ್ತು’ ಎಂಬ ಪದ ನೆನಪಾಗುತ್ತದೆ. ಅರಬಿಯಿಂದ ಬಂದ ಈ ಪದಕ್ಕೆ ಮೂಲದಲ್ಲಿ ನಂಬಿ ಒಪ್ಪಿಸಿದ ವಸ್ತು ಎಂಬ ಅರ್ಥವಿದೆ. ಕೇಳಿದಾಗ ಕೊಟ್ಟ ಹಾಗೆಯೇ ಹಿಂದಿರುಗಿಸಬೇಕಾದ ಇಡುಗಂಟು ಅದು. ನಮ್ಮ ಕಚೇರಿಗಳ ಕನ್ನಡದಲ್ಲಿ ಈಗ ಆ ಪದ ಹೆಚ್ಚಾಗಿ ಕೇಳಿಬರುವುದು ನೌಕರನನ್ನು ಕೆಲಸದಿಂದ ಹೊರಗಿಟ್ಟಾಗ. ಪದದ ಹಳೆಯ ಅರ್ಥ ಮಸುಕಾದಂತೆ ಆ ಭಾವವೂ ಮಸುಕಾಯಿತೇ?

ಕರ್ನಾಟಕದಲ್ಲಿ 2000ದ ಸುಮಾರಿಗೆ ‘ಭೂಮಿ’ ಯೋಜನೆಯಡಿ ರೈತರ ಪಹಣಿಗಳು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಹೋದವು. ಈಗ ಪಡಿತರ, ಪಿಂಚಣಿ, ವಿದ್ಯಾರ್ಥಿವೇತನ ಎಲ್ಲವೂ ಅಲ್ಲೇ. ತನ್ನ ಹೊಲ ತನ್ನದೆಂಬ ಸಾಕ್ಷಿಯನ್ನು ರೈತ ತಾನು ಎಂದೂ ನೋಡದ ಯಂತ್ರಕ್ಕೆ ಒಪ್ಪಿಸಿದ್ದಾನೆ. ಬೇಡವೆನ್ನುವ ಆಯ್ಕೆ ಅವನಿಗಿರಲಿಲ್ಲ. ಆಯ್ಕೆಯಿಲ್ಲದೆ ಒಪ್ಪಿಸಿದವನ ಸೊತ್ತನ್ನು ಕಾಯುವ ಹೊಣೆ, ಇಷ್ಟಪಟ್ಟು ಒಪ್ಪಿಸಿದವನ ಸೊತ್ತಿನ ಹೊಣೆಗಿಂತ ಭಾರವಾದುದು.

ಆದ್ದರಿಂದ ಕಾವಲಿನ ವಿದ್ಯೆ ಯಾರ ಸೊತ್ತು ಎಂಬುದಕ್ಕೆ ನಮ್ಮ ಉತ್ತರ ಇದು. ಕಂಡುಹಿಡಿದವರ ಶ್ರಮ ಅವರದು, ಅದಕ್ಕೆ ತಕ್ಕ ಗೌರವವೂ ಪ್ರತಿಫಲವೂ ಸಲ್ಲಲೇಬೇಕು. ವಿದ್ಯೆ ಮಾತ್ರ ಅದರ ಅಗತ್ಯವಿರುವ ಎಲ್ಲರದು. ಪುಕ್ಕಟೆ ಪಡೆದು ಲಾಭ ಮಾಡಿದವರ ಮೇಲೆ ಅದನ್ನು ಪೋಷಿಸುವ ಋಣವಿದೆ. ಇನ್ನೊಬ್ಬರ ಬದುಕಿನ ದಾಖಲೆ ಇಟ್ಟುಕೊಂಡವರ ಮೇಲೆ ಅದನ್ನು ಬಳಸುವ ಕರ್ತವ್ಯವಿದೆ.

ನಮ್ಮ ಪಾಲಿಗೂ ಒಂದು ಕೆಲಸವಿದೆ. ಪಂಚಾಯತಿಯಿರಲಿ, ಸಹಕಾರಿ ಸಂಘವಿರಲಿ, ನಮ್ಮದೇ ಶಾಲೆಯ ಆಡಳಿತ ಮಂಡಳಿಯಿರಲಿ, ನಮ್ಮ ದಾಖಲೆ ಇಟ್ಟುಕೊಂಡವರನ್ನು ಮೂರು ಮಾತು ಕೇಳಬೇಕು. ಇದರ ನಕಲು ಎಲ್ಲಿದೆ? ಆ ನಕಲಿನಿಂದ ದಾಖಲೆಯನ್ನು ಮರಳಿ ತೆಗೆದು ನೋಡಿದ್ದು ಯಾವಾಗ? ಯಂತ್ರ ನಿಂತ ದಿನ ಬಂದವರನ್ನು ಬರಿಗೈಯಲ್ಲಿ ಕಳಿಸದಿರಲು ಏನು ಏರ್ಪಾಡಿದೆ? ಇವನ್ನು ಕೇಳಲು ಕಂಪ್ಯೂಟರ್ ಕಲಿತಿರಬೇಕಾಗಿಲ್ಲ. ತನ್ನ ವಸ್ತುವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿದವರು ಯಾರು ಬೇಕಾದರೂ ಕೇಳಬಹುದು.